ಗೆಲಾಕ್ಸಿ ಗುಚ್ಛಗಳ ಕೇಂದ್ರದಲ್ಲಿರುವ ದೈತ್ಯ ಗೆಲಾಕ್ಸಿಗಳ ಸುತ್ತ ಮಸುಕಾದ ಬೆಳಕು ಹರಡಿರುವುದೇಕೆ?

ಅದು ನಕ್ಷತ್ರಗಳದೇ ಬೆಳಕು. ಆದರೆ ಅವುಗಳಲ್ಲಿ ಬಹುಪಾಲು ಆ ಗೆಲಾಕ್ಸಿಯಲ್ಲಿ ಹುಟ್ಟಿದವಲ್ಲ, ಬೇರೆಡೆಯಿಂದ ಕಿತ್ತು ತಂದವು. ಗುಚ್ಛದ ನಡುವೆ ಹಾದುಹೋಗುವ ಸಣ್ಣ ಗೆಲಾಕ್ಸಿಯ ಒಂದು ಬದಿಗೆ ದೈತ್ಯನ ಸೆಳೆತ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ. ಈ ವ್ಯತ್ಯಾಸವೇ ಅಂಚಿನ ನಕ್ಷತ್ರಗಳನ್ನು ಎಳೆಯಾಗಿ ಹೊರಗೆಳೆಯುತ್ತದೆ. ಕೆಲವು ಗೆಲಾಕ್ಸಿಗಳಂತೂ ಪೂರ್ತಿ ಚದುರಿಹೋಗುತ್ತವೆ. ಹಾಗೆಂದು ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದುಕೊಳ್ಳಬೇಡಿ. ಅವುಗಳ ನಡುವಿನ ಅಂತರ ಅಷ್ಟು ಅಗಾಧ.

1951ರಲ್ಲಿಯೇ ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ ಕೋಮಾ ಗುಚ್ಛದಲ್ಲಿ ಇಂಥ ಬೆಳಕನ್ನು ಗುರುತಿಸಿದ್ದರು. ಅಳೆಯುವುದು ಮಾತ್ರ ಬಲು ಕಷ್ಟ: ಇದರ ಹೊರಭಾಗದ ಹೊಳಪು, ಕಗ್ಗತ್ತಲೆಯ ರಾತ್ರಿಯಾಗಸಕ್ಕೆ ಸಹಜವಾಗಿರುವ ಹೊಳಪಿನ ಶೇ. 1ಕ್ಕಿಂತಲೂ ಕಡಿಮೆ. ದೂರದರ್ಶಕದ ಒಳಗೇ ಚದುರುವ ಬೆಳಕು ಕೂಡ ಮೋಸ ಮಾಡುತ್ತದೆ.

ಇದಕ್ಕೊಂದು ಜಾಣ ಉಪಾಯವಿದೆ. ಸೂರ್ಯನಂಥ ನಕ್ಷತ್ರಗಳು ಸಾಯುವಾಗ ಹೊರಚೆಲ್ಲಿದ ಅನಿಲದಿಂದ ಉಂಟಾಗುವ ಮೋಡಗಳು, ಅಂದರೆ ಗ್ರಹೀಯ ನೀಹಾರಿಕೆಗಳು, ಆಮ್ಲಜನಕದ ಒಂದು ನಿರ್ದಿಷ್ಟ ಹಸಿರು ಬಣ್ಣದಲ್ಲಿ ಹೊಳೆಯುತ್ತವೆ. ಹೀಗಾಗಿ ಅವನ್ನು ಒಂದೊಂದಾಗಿ ಹುಡುಕಿ, ವೇಗವನ್ನೂ ಅಳೆಯಬಹುದು. ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರದ ಕನ್ಯಾ ಗುಚ್ಛದ ಎಂ 87 ಗೆಲಾಕ್ಸಿಯ ಸುತ್ತ ಇಂಥ ಸುಮಾರು 300 ನೀಹಾರಿಕೆಗಳ ಚಲನೆಯನ್ನು ಗಮನಿಸಿದ ಖಗೋಳವಿಜ್ಞಾನಿಗಳು, ಕಳೆದ 100 ಕೋಟಿ ವರ್ಷಗಳೊಳಗೆ ಅದು ಮಧ್ಯಮ ಗಾತ್ರದ ಇಡೀ ಗೆಲಾಕ್ಸಿಯೊಂದನ್ನು ನುಂಗಿದೆ ಎಂದು 2015ರಲ್ಲಿ ತೋರಿಸಿದರು. ಕಪ್ಪುಕುಳಿಯ ಚಿತ್ರದಿಂದ ಪ್ರಸಿದ್ಧವಾದದ್ದೂ ಇದೇ ಎಂ 87. ನನಗಂತೂ ಅದರ ಹೊರಪ್ರಭೆಯೇ ಹೆಚ್ಚು ಕುತೂಹಲಕರ.