ಬೇಸ್‌ಬಾಲ್ ತಂಡದ ಜನರಲ್ ಮ್ಯಾನೇಜರ್ (ಜಿಎಂ) ಮಾಡಿದ ಟ್ರೇಡ್‌ಗಳಿಗೆ, ಅಂದರೆ ಆಟಗಾರರ ಅದಲು-ಬದಲಿಗೆ, ಅಂಕ ಕೊಡೋದು ಹೇಗೆ? ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ರಾಫೆಲ್ ಡೆವರ್ಸ್‌ನನ್ನು ತಂದ ಟ್ರೇಡ್‌ಗೆ ಎಷ್ಟು ಕೊಡಬಹುದು?

ಬಂದವರ ವಾರ್‌ನಿಂದ ಹೋದವರ ವಾರ್ ಕಳೆದು ಆ ಟ್ರೇಡ್ ಮಾಡಿದ ಜೈಂಟ್ಸ್ ಮುಖ್ಯಸ್ಥ ಬಸ್ಟರ್ ಪೋಸಿಗೆ ಅಂಕ ಹಾಕಬೇಕು, ಆ ಅಂಕ ನೋಡಿ ಜೈಂಟ್ಸ್ ಸೀಸನ್ ಟಿಕೆಟ್ ತಗೊಳ್ಳೋದಾ ಬೇಡವಾ ಅಂತ ತೀರ್ಮಾನಿಸಬೇಕು ಅಂದಿದ್ದೀರಿ. ಓದಿ ನಗು ಬಂತು. 2011ರಲ್ಲಿ ನಾನು ಮಾಡಿದ್ದು ಇದೇ. ಎಕ್ಸೆಲ್ ಶೀಟ್ ಕೂಡ ಬಹುಶಃ ಇದೇ ಥರ ಇತ್ತು.

(ವಾರ್ ಗೊತ್ತಿಲ್ಲದವರಿಗೆ: ಸುಲಭವಾಗಿ ಸಿಗುವ ಬದಲಿ ಆಟಗಾರನಿಗಿಂತ ಇವನು ತಂಡಕ್ಕೆ ಎಷ್ಟು ಗೆಲುವು ಜಾಸ್ತಿ ತಂದ ಅನ್ನೋ ಅಂದಾಜು.)

ಆಗ ನಾನು ಫ್ರೀಮಾಂಟ್‌ನಲ್ಲಿದ್ದೆ. ಆಫೀಸಿನ ಕೆಲವರು ಸೇರಿ ಜೈಂಟ್ಸ್ ಸೀಸನ್ ಟಿಕೆಟ್ ಹಂಚಿಕೊಂಡಿದ್ದೆವು. 2010ರಲ್ಲಿ ತಂಡ ವರ್ಲ್ಡ್ ಸೀರೀಸ್ ಗೆದ್ದಿತ್ತು. 1958ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಮೇಲೆ ಅದೇ ಮೊದಲನೆಯದು. ಟಿಕೆಟ್‌ಗೆ ವೇಟಿಂಗ್ ಲಿಸ್ಟ್ ಇತ್ತು.

2011ರ ಮೇ ತಿಂಗಳಲ್ಲಿ ಹೋಮ್ ಪ್ಲೇಟ್ ಹತ್ತಿರ ಡಿಕ್ಕಿಯಾಗಿ ಪೋಸಿಯ ಕಾಲು ಮುರಿಯಿತು. ಹೌದು, ಈಗ ನೀವು ಅಂಕ ಹಾಕಲು ಹೊರಟಿರುವ ಅದೇ ಪೋಸಿ, ಆಗ ತಂಡದ ಆಟಗಾರ. ಬ್ಯಾಟಿಂಗ್ ಸೊರಗಿತ್ತು, ಆದರೂ ಜುಲೈ ಕೊನೆಯಲ್ಲಿ ತಂಡ ಡಿವಿಷನ್‌ನಲ್ಲಿ ಮುಂದಿತ್ತು. ಆಗಿನ ಜಿಎಂ ಬ್ರಯನ್ ಸೇಬಿಯನ್ ನ್ಯೂಯಾರ್ಕ್ ಮೆಟ್ಸ್‌ನಿಂದ ಕಾರ್ಲೋಸ್ ಬೆಲ್ಟ್ರಾನ್‌ನನ್ನು ತಂದರು. ಬದಲಿಗೆ ಕೊಟ್ಟಿದ್ದು ಝ್ಯಾಕ್ ವೀಲರ್‌ನನ್ನು. 21 ವರ್ಷದ ಹುಡುಗ, ಪಿಚರ್ (ಚೆಂಡು ಎಸೆಯುವವನು), 2009ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳೋದು) ಆರನೆಯವನು. ಆ ವರ್ಷ ಸ್ಯಾನ್ ಹೋಸೆಯ ಕೆಳದರ್ಜೆ ತಂಡದಲ್ಲಿ ಎಸೆಯುತ್ತಿದ್ದ. ಅಲ್ಲಿನ ಮೈದಾನ ಚಿಕ್ಕದು, ಚೆಂಡು ಕೈಗವಸಿಗೆ ಬಡಿಯುವ ಸದ್ದು ಸೀಟಿನ ತನಕ ಕೇಳುತ್ತದೆ. ನಾನು ಅವನನ್ನು ನೋಡಿದ್ದೆ, ಮರುಳಾಗಿದ್ದೆ.

ಬೆಲ್ಟ್ರಾನ್ ಚೆನ್ನಾಗೇ ಆಡಿದ. 44 ಪಂದ್ಯ, .323 ಬ್ಯಾಟಿಂಗ್ ಸರಾಸರಿ (ನೂರು ಸಲಕ್ಕೆ ಸುಮಾರು 32 ಹಿಟ್), 7 ಹೋಮ್ ರನ್. ನಡುವೆ ಕೈಗೆ ಗಾಯವಾಗಿ ಕೆಲ ದಿನ ಕೂತ. ತಂಡ 86 ಪಂದ್ಯ ಗೆದ್ದು, ಅರಿಜೋನಾಕ್ಕಿಂತ 8 ಗೆಲುವು ಹಿಂದೆ ಉಳಿಯಿತು. ಚಳಿಗಾಲದಲ್ಲಿ ಅವನು ಸೇಂಟ್ ಲೂಯಿಸ್‌ಗೆ ಹೊರಟುಹೋದ. ಪರಿಹಾರವಾಗಿ ಒಂದು ಡ್ರಾಫ್ಟ್ ಪಿಕ್ ಕೂಡ ಸಿಗಲಿಲ್ಲ, ಅವನ ಕಾಂಟ್ರ್ಯಾಕ್ಟ್‌ನಲ್ಲಿ ಅದಕ್ಕೆ ಅಡ್ಡವಾಗುವ ಷರತ್ತಿತ್ತು.

ನಾನು ಶೀಟ್ ತೆರೆದೆ. ತಪ್ಪಾಗಿದ್ದು ಇಲ್ಲೇ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನೀವೂ ಇದೇ ಕಾಲಂ ಹಾಕಿಕೊಂಡು ಕೂತಿರುತ್ತೀರಿ. ಬೆಲ್ಟ್ರಾನ್ ಸಾಲಿನಲ್ಲಿ ನಡೆದದ್ದನ್ನು ಬರೆದೆ: ಎರಡು ತಿಂಗಳು, ಪ್ಲೇಆಫ್ ಇಲ್ಲ, ಸೊನ್ನೆ. ವೀಲರ್ ಸಾಲಿನಲ್ಲಿ ನಡೆಯಬಹುದಾದದ್ದನ್ನು ಬರೆದೆ: ಆರು ವರ್ಷ, ಮೊದಲ ದರ್ಜೆ ಪಿಚರ್. ಒಂದು ಕಡೆ ಫಲಿತಾಂಶ, ಇನ್ನೊಂದು ಕಡೆ ಆಸೆ. ಎರಡನ್ನೂ ಪಕ್ಕದಲ್ಲಿಟ್ಟು ಕಳೆದೆ. ಉತ್ತರ ಏನು ಬರುತ್ತೆ ಅಂತ ಲೆಕ್ಕ ಹಾಕೋ ಮೊದಲೇ ಗೊತ್ತಿತ್ತು.

ಜುಲೈನಲ್ಲಿ ನಿಂತು ತೂಗುವುದಾದರೆ ಎರಡನ್ನೂ ಜುಲೈನ ಕಣ್ಣಲ್ಲೇ ನೋಡಬೇಕಿತ್ತು. ಆಗ ಬೆಲ್ಟ್ರಾನ್ ಅಂದರೆ ಮುನ್ನಡೆಯಲ್ಲಿದ್ದ ತಂಡಕ್ಕೆ, ಹಾಲಿ ಚಾಂಪಿಯನ್‌ಗೆ, ಬೇಕೇಬೇಕಾಗಿದ್ದ ಬ್ಯಾಟ್. ವೀಲರ್ ಅಂದರೆ ಸ್ಟಾರ್ ಆಗಬಹುದಾದ, ಮೊಣಕೈ ಹರಿದುಕೊಂಡು ಮೂಲೆ ಸೇರಲೂಬಹುದಾದ ಹುಡುಗ. ಇಲ್ಲ, ಫಲಿತಾಂಶವೇ ಬೇಕು ಅಂದರೆ ಇಬ್ಬರದ್ದೂ ಬೇಕು. ಅದಕ್ಕೆ ನಾನು 2019ರ ತನಕ ಕಾಯಬೇಕಿತ್ತು. ವೀಲರ್ ಮೆಟ್ಸ್ ಹಿಡಿತದಲ್ಲಿ ಇದ್ದದ್ದು ಅಲ್ಲಿವರೆಗೆ. ಅದರಲ್ಲಿ ಮೊಣಕೈ ಆಪರೇಷನ್ ಆಗಿ 2015, 2016 ಎರಡೂ ವರ್ಷ ಮೇಜರ್ ಲೀಗ್‌ನಲ್ಲಿ ಒಂದು ಚೆಂಡೂ ಎಸೆಯಲಿಲ್ಲ. ಅವನ ಅತ್ಯುತ್ತಮ ವರ್ಷಗಳು ಬಂದದ್ದು ಫಿಲಡೆಲ್ಫಿಯಾದಲ್ಲಿ, ಅದೂ 5 ವರ್ಷಕ್ಕೆ 118 ಮಿಲಿಯನ್ ಡಾಲರ್ ಕೊಟ್ಟ ಮೇಲೆ. ಅದನ್ನು ಸೇಬಿಯನ್ ತಲೆಗೆ ಕಟ್ಟುವವರು ಇವತ್ತಿಗೂ ಇದ್ದಾರೆ.

ಒಂದೇ ಸಾಲಿಗೆ ನಿಂತಿದ್ದರೆ ಪರವಾಗಿರಲಿಲ್ಲ. ಅದೇ ಚಳಿಗಾಲ ಜೊನಾಥನ್ ಸ್ಯಾಂಚೆಜ್‌ನನ್ನು ಕೊಟ್ಟು ಕ್ಯಾನ್ಸಸ್ ಸಿಟಿಯಿಂದ ಮೆಲ್ಕಿ ಕಾಬ್ರೆರಾನನ್ನು ತಂದರು. ನಾನು ಸ್ಯಾಂಚೆಜ್‌ಗೆ 2009ರ ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಬಿಡದ ಪಂದ್ಯ) ನೆನೆದು ಅಂಕ ಹಾಕಿದೆ. ಮೆಲ್ಕಿಗೆ, ಅಟ್ಲಾಂಟಾ ಅವನನ್ನು ಕೈಬಿಟ್ಟ 2010 ನೆನೆದು ಹಾಕಿದೆ. ಅವನು 2011ರಲ್ಲಿ 201 ಹಿಟ್ ಹೊಡೆದಿದ್ದ, ಅದು ಕಣ್ಣಿಗೇ ಬೀಳಲಿಲ್ಲ. ಹೋದವನಿಗೆ ಅವನ ಒಳ್ಳೆ ದಿನ, ಬಂದವನಿಗೆ ಅವನ ಕೆಟ್ಟ ದಿನ. ಶೀಟ್ ಪೂರ್ತಿ ಹೀಗೇ.

ಸೇಬಿಯನ್ ಫೇಲ್ ಆದರು. ನಾನು ಟಿಕೆಟ್ ಪಾಲು ಬಿಟ್ಟುಕೊಟ್ಟೆ. ಆಫೀಸಿನ ಇನ್ನೊಬ್ಬ ಎರಡು ಮಾತಾಡದೆ ತಗೊಂಡ.

ಮುಂದಿನ ವರ್ಷ ಏನಾಯಿತು ಗೊತ್ತೇ ಇದೆ. ಮೆಲ್ಕಿ .346 ಹೊಡೆದು, ಆಲ್-ಸ್ಟಾರ್ ಪಂದ್ಯದ ಎಂವಿಪಿ (ಅತ್ಯುತ್ತಮ ಆಟಗಾರ) ಆಗಿ, ಆಗಸ್ಟ್‌ನಲ್ಲಿ ಡೋಪಿಂಗ್‌ಗೆ ಸಿಕ್ಕಿಬಿದ್ದು 50 ಪಂದ್ಯ ಹೊರಗಾದ. (ಇದಕ್ಕೆ ಎಷ್ಟು ಅಂಕ ಹಾಕ್ತೀರಿ, ಹೇಳಿ ನೋಡೋಣ.) ಜುಲೈನಲ್ಲಿ ಸದ್ದಿಲ್ಲದೆ ತಂದಿದ್ದ ಮಾರ್ಕೊ ಸ್ಕೂಟಾರೊ ನ್ಯಾಷನಲ್ ಲೀಗ್ ಫೈನಲ್ ಸರಣಿಯಲ್ಲಿ .500 ಹೊಡೆದ. ಏಳನೇ ಪಂದ್ಯದ ಕೊನೆಯಲ್ಲಿ ಮಳೆ ಸುರಿಯಿತು, ಅವನು ಮುಖ ಮೇಲೆತ್ತಿ ನಿಂತ. ಎದುರಾಳಿ ಸೇಂಟ್ ಲೂಯಿಸ್ ತಂಡದಲ್ಲಿ ಇದ್ದದ್ದು ಯಾರು? ಅದೇ ಬೆಲ್ಟ್ರಾನ್. ವರ್ಲ್ಡ್ ಸೀರೀಸ್ ಮೊದಲ ಪಂದ್ಯದಲ್ಲಿ ಪಾಬ್ಲೊ ಸ್ಯಾಂಡೊವಾಲ್ ಮೂರು ಹೋಮ್ ರನ್ ಹೊಡೆದಾಗ ನಮ್ಮ ಸೀಟಿನಲ್ಲಿ ಆ ಆಫೀಸಿನವನು ಕೂತಿದ್ದ. ನಾನು ಮನೆಯಲ್ಲಿ ಟಿವಿ ಮುಂದೆ. ಪೋಸ್ಟ್‌ಸೀಸನ್ ಟಿಕೆಟ್ ಹಕ್ಕು ಪಾಲಿನ ಜೊತೆಗೇ ಹೋಗುತ್ತೆ. 2014ರಲ್ಲಿ ತಂಡ ಮತ್ತೆ ಗೆದ್ದಾಗಲೂ ಇದೇ ಕಥೆ.

ಹಾಗಂತ 2012 ಗೆದ್ದಿದ್ದಕ್ಕೆ ಸೇಬಿಯನ್ ಮಾಡಿದ್ದೆಲ್ಲ ಸರಿ ಅಂತ ನಾನು ಒಪ್ಪಲ್ಲ. ಬ್ಯಾರಿ ಝಿಟೊಗೆ 2006ರ ಡಿಸೆಂಬರ್‌ನಲ್ಲಿ 7 ವರ್ಷಕ್ಕೆ 126 ಮಿಲಿಯನ್ ಕೊಟ್ಟರು. 2010ರ ಪ್ಲೇಆಫ್ ತಂಡದಲ್ಲಿ ಅವನಿಗೆ ಜಾಗವೇ ಇರಲಿಲ್ಲ. 2012ರ ಅದೇ ಲೀಗ್ ಫೈನಲ್ ಸರಣಿಯಲ್ಲಿ ತಂಡ 3-1 ಹಿಂದಿದ್ದಾಗ ಸೇಂಟ್ ಲೂಯಿಸ್‌ನಲ್ಲಿ ಎಂಟನೇ ಇನಿಂಗ್ಸ್‌ವರೆಗೆ ಒಂದೂ ರನ್ ಬಿಡದೆ ಎಸೆದ. ಆಹಾ, ಎಂಥ ರಾತ್ರಿ! ಆದರೂ ಅದು ಕೆಟ್ಟ ಕಾಂಟ್ರ್ಯಾಕ್ಟ್. 2003ರಲ್ಲಿ ಜೋ ನೇಥನ್, ಫ್ರಾನ್ಸಿಸ್ಕೊ ಲಿರಿಯಾನೊ ಇಬ್ಬರನ್ನೂ ಕೊಟ್ಟು ತಂದ ಎ.ಜೆ. ಪಿಯರ್ಜಿನ್‌ಸ್ಕಿಯನ್ನು ಒಂದೇ ವರ್ಷಕ್ಕೆ ಕೈಬಿಟ್ಟಿದ್ದೂ ಇದೇ ಸೇಬಿಯನ್. 1996ರಲ್ಲಿ ಜನರ ಮೆಚ್ಚಿನ ಮ್ಯಾಟ್ ವಿಲಿಯಮ್ಸ್‌ನನ್ನು ಕೊಟ್ಟು ಬೈಸಿಕೊಂಡು, ನಾನೇನು ದಡ್ಡ ಅಲ್ಲ ಅಂತ ಪತ್ರಕರ್ತರ ಮುಂದೆ ಹೇಳಬೇಕಾಗಿ ಬಂದದ್ದೂ ಇವರಿಗೇ. ಆ ಟ್ರೇಡ್‌ನಲ್ಲಿ ಬಂದ ಜೆಫ್ ಕೆಂಟ್ 2000ದಲ್ಲಿ ಎಂವಿಪಿ ಆದ.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಒಂದೊಂದು ಟ್ರೇಡ್‌ಗೆ ಅಂಕ ಹಾಕಿ ಕೂಡಿದರೆ ಜಿಎಂ ಸಿಗಲ್ಲ. ಹಣ ಯಾರದ್ದು, ಒತ್ತಡ ಯಾರದ್ದು ನೋಡಬೇಕು. ಐಪಿಎಲ್ ನೋಡುವ ನಮಗೆ ಎಲ್ಲ ತಂಡಕ್ಕೂ ಒಂದೇ ಪರ್ಸ್ ಅಂತ ತಲೆಯಲ್ಲಿ ಕೂತಿದೆ. ಇಲ್ಲಿ ಹಾಗಲ್ಲ, ಗಟ್ಟಿ ಮಿತಿಯೇ ಇಲ್ಲ, ಹೆಚ್ಚು ಖರ್ಚಾದರೆ ತೆರಿಗೆ ಅಷ್ಟೇ. 2012ರಲ್ಲಿ ಡೆಟ್ರಾಯಿಟ್ ಪ್ರಿನ್ಸ್ ಫೀಲ್ಡರ್‌ಗೆ 9 ವರ್ಷಕ್ಕೆ 214 ಮಿಲಿಯನ್ ಕೊಟ್ಟಿತು. ಅದು ಮಾಲೀಕ ಮೈಕ್ ಇಲಿಚ್ ಅವರ ಆಸೆ. ಅಂಕ ಮಾತ್ರ ಜಿಎಂಗೆ ಯಾಕೆ?

ಈಗ ಡೆವರ್ಸ್. 2025ರ ಜೂನ್‌ನಲ್ಲಿ ಜೈಂಟ್ಸ್ ಬೋಸ್ಟನ್‌ಗೆ ಕೊಟ್ಟಿದ್ದು ಕೈಲ್ ಹ್ಯಾರಿಸನ್, ಜೋರ್ಡನ್ ಹಿಕ್ಸ್, ಜೇಮ್ಸ್ ಟಿಬ್ಸ್, ಹೋಸೆ ಬೆಯೊ. ಜೊತೆಗೆ ಡೆವರ್ಸ್‌ನ 10 ವರ್ಷ, 313.5 ಮಿಲಿಯನ್ ಕಾಂಟ್ರ್ಯಾಕ್ಟ್‌ನಲ್ಲಿ 2033ರ ತನಕ ಉಳಿದ ಹಣವೂ ಇವರ ಮೇಲೆ ಬಿತ್ತು. ನಿಮ್ಮ ಶೀಟ್‌ನಲ್ಲಿ ಹಿಕ್ಸ್ ಹೋದದ್ದು ನಷ್ಟದ ಕಡೆ ಬರುತ್ತೆ, ಅಲ್ವಾ? ಅವನ ಸಂಬಳದ ಹೊರೆ ಇಳಿದದ್ದು ಎಲ್ಲಿ ಬರುತ್ತೆ? ಟಿಬ್ಸ್‌ನನ್ನು ಬೋಸ್ಟನ್ ಎರಡು ತಿಂಗಳೊಳಗೆ ಡಾಡ್ಜರ್ಸ್‌ಗೆ ದಾಟಿಸಿತು. ಅವನು ನಾಳೆ ಜೈಂಟ್ಸ್ ವಿರುದ್ಧವೇ ಹೊಡೆದರೆ ಯಾರ ಲೆಕ್ಕ? ಅತ್ತ ಫಸ್ಟ್ ಬೇಸ್ ಜಾಗದಲ್ಲಿ ಆಡು ಅಂದದ್ದಕ್ಕೆ ಡೆವರ್ಸ್ ಬೋಸ್ಟನ್ ಜೊತೆ ಮುನಿಸಿಕೊಂಡಿದ್ದ. ಅಂಥ ಸಮಯದಲ್ಲಿ ಸಿಕ್ಕಿದ್ದಕ್ಕೇ ಬೆಲೆ ಅಷ್ಟಕ್ಕೆ ಇಳಿಯಿತು ಅಂತ ನನಗನಿಸುತ್ತೆ. ನನ್ನ ಪ್ರಕಾರ ಒಳ್ಳೆಯ ಟ್ರೇಡ್. ಅಂಕ ಕೇಳಬೇಡಿ.

ಶೀಟ್ ಬೇಕೇಬೇಕು ಅಂದರೆ ಟ್ರೇಡ್ ಆದ ದಿನವೇ ತಾರೀಖು ಹಾಕಿ ನಿಮ್ಮ ಅಭಿಪ್ರಾಯ ಬರೆದಿಡಿ, ಆಮೇಲೆ ಅದನ್ನು ತಿದ್ದಬೇಡಿ. ನಡೆದದ್ದಕ್ಕೆ ಬೇರೆ ಕಾಲಂ ಇಡಿ. ಎರಡನ್ನೂ ಕಳೆಯೋಕೆ ಹೋಗಬೇಡಿ, ಸುಮ್ನೆ ಪಕ್ಕದಲ್ಲಿರಲಿ.

ಟಿಕೆಟ್‌ಗೂ ಪೋಸಿಯ ಅಂಕಕ್ಕೂ ಸಂಬಂಧ ಇಲ್ಲ. ಪಾಲುದಾರರು ಸಿಕ್ಕರೆ ತಗೊಳ್ಳಿ. ಪೋಸ್ಟ್‌ಸೀಸನ್ ಪಂದ್ಯ ಯಾರಿಗೆ ಯಾವುದು ಅಂತ ಮೊದಲೇ ಬರೆದಿಟ್ಟುಕೊಳ್ಳಿ, ಅಕ್ಟೋಬರ್‌ನಲ್ಲಿ ಎಲ್ಲರೂ ಆಸೆಬುರುಕರಾಗುತ್ತಾರೆ.