ಪರಿಹಾರ ಕೊಟ್ಟರೆ ಮುಗಿಯಿತೇ?

ನಮಸ್ಕಾರ. ಕಂಪನಿಗಾಗಿ ಸರ್ಕಾರ ಜನರ ಜಾಗ ತಗೊಳ್ಳುವುದನ್ನು ಪ್ರಶ್ನಿಸಿದ ಕಳೆದ ಸಂಚಿಕೆಯ ಭೂಸ್ವಾಧೀನದ ಲೇಖನ ನಿಮಗೆ ಹಿಡಿಸಿಲ್ಲ. "ಪಕ್ಕದೂರಿಗೆ ನೋಟಿಸ್ ಬಂದಿದೆ. ಕಂಪನಿ ಬಂದರೆ ನಮ್ಮ ಮಕ್ಕಳಿಗೆ ಕೆಲಸ. ಹತ್ತು ಹದಿನೈದು ಮನೆಯವರು ಪರಿಹಾರ ತಗೊಂಡು ಹೋದರೆ ಏನು ನಷ್ಟ?" ಎಂದು ಕೇಳಿದ್ದೀರಿ. ಕೆಲಸವಿಲ್ಲದ ಊರಿನ ಸಂಕಟ ಕಂಡವರ ಪ್ರಶ್ನೆ ಇದು. ಇದೇ ಲೆಕ್ಕ ಹಾಕಿದ ಇನ್ನೊಂದು ಊರಿದೆ. ಅಲ್ಲಿ ಏನಾಯಿತು ಅಂತ ಹೇಳುತ್ತೇನೆ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್. 1996ರಲ್ಲಿ ಅಲ್ಲಿನ ನೌಕಾಪಡೆಯ ಕೇಂದ್ರ ಮುಚ್ಚಿತು. ಅದರಲ್ಲಿ 1,500ಕ್ಕೂ ಜಾಸ್ತಿ ಜನ ದುಡಿಯುತ್ತಿದ್ದರು. 1998ರಲ್ಲಿ ಔಷಧಿ ಕಂಪನಿ ಫೈಜರ್, ಫೋರ್ಟ್ ಟ್ರಂಬುಲ್ ಎಂಬ ಬಡಾವಣೆಯ ಪಕ್ಕ ಸಂಶೋಧನಾ ಕೇಂದ್ರ ಕಟ್ಟುವುದಾಗಿ ಹೇಳಿತು. ಊರಿಗೆ ಆಸೆ ಹುಟ್ಟಿತು. ಬಡಾವಣೆಯ ಸುಮಾರು 90 ಎಕರೆಯಲ್ಲಿ ಹೋಟೆಲ್, ಆಫೀಸು, ಅಂಗಡಿ, ಹೊಸ ಮನೆಗಳ ಯೋಜನೆ ತಯಾರಾಯಿತು.

ಹೆಚ್ಚಿನವರು ಮಾರಿ ಹೋದರು. ಒಂಬತ್ತು ಮಾಲೀಕರು ಒಪ್ಪಲಿಲ್ಲ. ಅವರ ಜಾಗವನ್ನು ಪರಿಹಾರ ಕೊಟ್ಟು ಬಲವಂತವಾಗಿ ತಗೊಳ್ಳಲು ಊರಿನ ಆಡಳಿತ ಹೊರಟಿತು. ಸುಸೆಟ್ ಕೀಲೋ 1997ರಲ್ಲಷ್ಟೇ ನದಿ ಕಾಣುವ ಪುಟ್ಟ ಮನೆ ಕೊಂಡು, ರಿಪೇರಿ ಮಾಡಿಸಿ, ಗುಲಾಬಿ ಬಣ್ಣ ಹೊಡೆಸಿದ್ದರು. ಇನ್ನೊಬ್ಬ ಅಜ್ಜಿ ಹುಟ್ಟಿದ್ದೇ ಆ ಮನೆಯಲ್ಲಿ, 1918ರಲ್ಲಿ. ಮದುವೆಯಾದ ಮೇಲೂ ಗಂಡನ ಜೊತೆ ಅಲ್ಲೇ ಇದ್ದರು. ಆ ಮನೆಗೆ ನೀವು ಎಷ್ಟು ಪರಿಹಾರ ಬರೆಯುತ್ತೀರಿ? ಮಾರುವವರಿಗೆ ಮಾರುಕಟ್ಟೆ ಬೆಲೆ ಸರಿ. ಮಾರಲು ಮನಸ್ಸೇ ಇಲ್ಲದವರಿಗೆ ಅದು ಬೆಲೆಯೇ ಅಲ್ಲ.

ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 2005ರ ಜೂನ್ 23ರಂದು ತೀರ್ಪು ಬಂತು. ಆರ್ಥಿಕ ಅಭಿವೃದ್ಧಿಯೂ ಸಾರ್ವಜನಿಕ ಉದ್ದೇಶವೇ, ಅದಕ್ಕಾಗಿ ಜಾಗ ತಗೊಳ್ಳಬಹುದು ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ. ನನ್ನನ್ನು ಕಾಡುವುದು ತೀರ್ಪಿನ ಇನ್ನೊಂದು ಮಾತು. ಹೇಳಿದ ಲಾಭ ಬಂದೇ ಬರುತ್ತದೆ ಎಂಬ ಖಾತ್ರಿಯನ್ನಾದರೂ ಕೇಳಿ ಎಂದು ಮನೆ ಮಾಲೀಕರು ಬೇಡಿಕೊಂಡಿದ್ದರು. ಕೋರ್ಟು ಅದನ್ನೂ ಒಪ್ಪಲಿಲ್ಲ. ಅಂದರೆ ಮನೆ ಹೋಗುವುದು ಖಾತ್ರಿ, ಕೆಲಸ ಬರುವುದು ಬರೀ ಮಾತು.

ಆ ಮಾತು ನಡೆಯಲೂ ಇಲ್ಲ. ವರ್ಷಗಳು ಕಳೆದರೂ ಹೋಟೆಲೂ ಬರಲಿಲ್ಲ, ಅಂಗಡಿಯೂ ಬರಲಿಲ್ಲ. 2009ರಲ್ಲಿ ಫೈಜರ್ ತಾನೇ ಊರು ಬಿಡುವುದಾಗಿ ಹೇಳಿತು. ಮನೆಗಳಿದ್ದ ಜಾಗದಲ್ಲಿ ವರ್ಷಗಟ್ಟಲೆ ಕಳೆ ಬೆಳೆಯಿತು, ಬೀದಿ ಬೆಕ್ಕುಗಳು ಸೇರಿಕೊಂಡವು. ಕೀಲೋ ಅವರ ಗುಲಾಬಿ ಮನೆಯನ್ನು ಬಿಚ್ಚಿ ಊರಿನ ಬೇರೆ ಬೀದಿಯಲ್ಲಿ ಮತ್ತೆ ಕಟ್ಟಿದರು. ಜನರ ಸಿಟ್ಟು ಎಷ್ಟಿತ್ತೆಂದರೆ, ಇಂಥ ಸ್ವಾಧೀನಕ್ಕೆ ಕಡಿವಾಣ ಹಾಕಲು ಅಮೆರಿಕದ 40ಕ್ಕೂ ಹೆಚ್ಚು ರಾಜ್ಯಗಳು ತಮ್ಮ ಕಾನೂನು ತಿದ್ದಿದವು.

ಕಂಪನಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಮಾಲೀಕರನ್ನು ಒಪ್ಪಿಸಿ ಜಾಗ ಕೊಳ್ಳಲಿ ಅನ್ನುತ್ತೇನೆ, ಅಷ್ಟೇ. ನಮ್ಮ ದೇಶದ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಈ ಮಾತಿದೆ. ಖಾಸಗಿ ಕಂಪನಿಗಾಗಿ ಸರ್ಕಾರ ಜಾಗ ತಗೊಂಡರೆ ಸಂತ್ರಸ್ತ ಕುಟುಂಬಗಳಲ್ಲಿ ಶೇ 80ರಷ್ಟು ಜನ ಒಪ್ಪಬೇಕು. ಆದರೆ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ ಕೆಐಎಡಿಬಿಗೆ, ಅಂದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೆ, ಜಾಗ ತಗೊಂಡರೆ ಆ ಒಪ್ಪಿಗೆ ಬೇಕಿಲ್ಲ. ಪಕ್ಕದೂರಿಗೆ ಬಂದ ನೋಟಿಸ್ ಯಾವ ಕಾಯ್ದೆಯದು, ಒಮ್ಮೆ ನೋಡಿ ನನಗೂ ಬರೆಯಿರಿ. ಹಾಗೇ ಆ ಹತ್ತು ಹದಿನೈದು ಮನೆಗಳಲ್ಲಿ ಯಾರಿದ್ದಾರೆ ಅಂತಲೂ ಕೇಳಿಕೊಂಡು ಬನ್ನಿ.

– ಸಂಪಾದಕ