ಖಗೋಳದ ಪಿಎಚ್‌ಡಿ: ಐದು ವರ್ಷದಲ್ಲಿ ಕೈಗೆ ಸಿಗುವುದು ಮೂರೇ

ಬ್ರಹ್ಮಾವರದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: ‘ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಖಗೋಳ ವಿಜ್ಞಾನದ ಪಿಎಚ್‌ಡಿಗೆ ಸೀಟು ಸಿಕ್ಕಿದೆ. ಆಗಸ್ಟ್‌ನಲ್ಲಿ ಸೇರಬೇಕು. ಐದು ವರ್ಷವನ್ನು ಹೇಗೆ ಪ್ಲಾನ್ ಮಾಡಲಿ? ಈಗಲೇ ಒಂದು ಟೆಲಿಸ್ಕೋಪ್ ಕೊಳ್ಳಬೇಕಾ? “ಇಷ್ಟೆಲ್ಲ ಓದಿ ಆಮೇಲೆ ಏನು ಮಾಡ್ತಿ?” ಅಂತ ಅಮ್ಮ ಕೇಳುತ್ತಾರೆ. ಅವರಿಗೆ ಏನು ಹೇಳಲಿ?’

ಸಂಪಾದಕರ ಉತ್ತರ:

ಮೊದಲು ಅಭಿನಂದನೆ. ಪ್ರವೇಶ ಪರೀಕ್ಷೆ ಬರೆದು, ಇಂಟರ್‌ವ್ಯೂ ದಾಟಿ ಈ ಸೀಟು ಪಡೆಯುವುದು ಸಣ್ಣ ಮಾತಲ್ಲ.

ಐದು ವರ್ಷ ಅಂದಿರಲ್ಲ, ಆ ಲೆಕ್ಕವನ್ನು ಒಮ್ಮೆ ಕೊನೆಯಿಂದ ಹಾಕಿ ನೋಡಿ. ಪಿಎಚ್‌ಡಿ ನಂತರದ ಪೋಸ್ಟ್‌ಡಾಕ್ ಕೆಲಸಗಳಿಗೆ ಜಗತ್ತಿನಾದ್ಯಂತ ಅರ್ಜಿ ಹಾಕುವ ಕಾಲ ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್. ಕೆಲಸ ಶುರುವಾಗುವುದು ಮುಂದಿನ ವರ್ಷದ ಸೆಪ್ಟೆಂಬರ್ ಹೊತ್ತಿಗೆ. ಫೆಲೋಶಿಪ್ ಮುಗಿಯುವಾಗ ಕೈಯಲ್ಲಿ ಕೆಲಸ ಇರಬೇಕಾದರೆ ನೀವು ಐದನೇ ವರ್ಷದ ಆರಂಭದಲ್ಲೇ ಅರ್ಜಿ ಹಾಕಬೇಕು. ಅಷ್ಟರಲ್ಲಿ ಪೇಪರ್‌ಗಳು ಪ್ರಕಟವಾಗಿರಬೇಕು. ಅಂದರೆ ಸಿಗುವುದು ನಾಲ್ಕು ವರ್ಷ ಚಿಲ್ಲರೆ. ಅದರಲ್ಲಿ ಮೊದಲ ವರ್ಷ ಕೋರ್ಸ್‌ವರ್ಕ್‌ಗೆ ಹೋಯಿತು. ಉಳಿದದ್ದು ಮೂರೇ. ಯುಜಿಸಿ ನಿಯಮದಲ್ಲಿ ಆರು ವರ್ಷದವರೆಗೆ ಅವಕಾಶ ಇದೆ, ನಿಜ. ಆದರೆ ಆರನೇ ವರ್ಷ ಇದೆಯಲ್ಲ ಅಂತ ಈಗಲೇ ನೆಚ್ಚಿಕೊಳ್ಳಬೇಡಿ.

ಈ ಮೂರು ವರ್ಷವನ್ನು ನುಂಗುವುದು ಯಾವುದು ಗೊತ್ತಾ? ಬರಬೇಕಾದ ಡೇಟಾಗೆ ಕಾಯುವುದು. ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್‌ನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ಟೆಲಿಸ್ಕೋಪ್ ಸಮಯ ಕೇಳಿ ನೀವು ಪ್ರಪೋಸಲ್ ಬರೆದಿದ್ದೀರಿ, ಸಮಿತಿ ಒಪ್ಪಿದೆ, ಎರಡು ರಾತ್ರಿ ಸಿಕ್ಕಿದೆ ಅಂತಿಟ್ಟುಕೊಳ್ಳಿ. ಸಂಜೆಯೇ ಹೊಸಕೋಟೆಯ ಕಂಟ್ರೋಲ್ ರೂಮಿನಲ್ಲಿ ಕೂತಿದ್ದೀರಿ. ಅಲ್ಲಿ ಹಾನ್ಲೆಯಲ್ಲಿ ಮೋಡ ಕವಿಯುತ್ತದೆ, ತೇವ ಏರುತ್ತದೆ. ಡೋಮ್ ಮುಚ್ಚಲೇಬೇಕು. ಬೆಳಗಿನವರೆಗೂ ಹವಾಮಾನದ ಸ್ಕ್ರೀನ್ ನೋಡುತ್ತಾ ಕೂರುವುದಷ್ಟೇ ಕೆಲಸ. ಎರಡನೇ ರಾತ್ರಿಯೂ ಹಾಗೇ ಆದರೆ ಮುಂದಿನ ಸುತ್ತಿಗೆ ಮತ್ತೆ ಪ್ರಪೋಸಲ್ ಬರೆಯಬೇಕು. ಆ ಸುತ್ತು ಬರುವಷ್ಟರಲ್ಲಿ ನಿಮ್ಮ ನಕ್ಷತ್ರ ಹಗಲಿನ ಆಕಾಶಕ್ಕೆ ಸರಿದಿದ್ದರೆ ಇನ್ನೂ ಕೆಲವು ತಿಂಗಳು ಹೋದವು. ಇದರಲ್ಲಿ ಯಾರ ತಪ್ಪೂ ಇಲ್ಲ.

ಹಾಗಾಗಿ ನಾನು ಒತ್ತಿ ಹೇಳುವುದು ಇದೊಂದೇ: ನಿಮ್ಮ ಥೀಸಿಸ್‌ನ ಮೊದಲ ಅಧ್ಯಾಯ ಈಗಾಗಲೇ ಇರುವ ಡೇಟಾ ಮೇಲೆ ನಿಲ್ಲಲಿ. 2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ಕಳಿಸಿದ ಎಕ್ಸ್-ರೇ ಮತ್ತು ಅತಿನೇರಳೆ ಡೇಟಾ ಇಸ್ರೋ ಸಂಗ್ರಹದಲ್ಲಿದೆ. ನಿಗದಿತ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಯುರೋಪಿನ ಗಾಯಾ ಉಪಗ್ರಹದ ನಕ್ಷತ್ರಪಟ್ಟಿಯೂ ಎಲ್ಲರಿಗೂ ಮುಕ್ತ. ಪುಣೆ ಹತ್ತಿರದ ರೇಡಿಯೋ ಟೆಲಿಸ್ಕೋಪ್ ಜಿಎಂಆರ್‌ಟಿಯ ಹಳೆಯ ಡೇಟಾವೂ ಸಿಗುತ್ತದೆ. ತಲಾ 45 ಮೀಟರ್ ಅಗಲದ ಆ 30 ಡಿಶ್‌ಗಳಿಗೆ ಮೋಡದ ಕಾಟವೂ ಇಲ್ಲ. ಮೊದಲ ಪೇಪರ್ ಇಂಥದ್ದರಿಂದ ಬರಲಿ. ಸ್ವಂತ ವೀಕ್ಷಣೆಯ ಪ್ರಪೋಸಲ್ ಎರಡನೇ ವರ್ಷದಿಂದಲೇ ಜೊತೆಜೊತೆಗೆ ಹೋಗುತ್ತಿರಲಿ. ಮಲ್ಪೆಯಲ್ಲಿ ಜೂನ್, ಜುಲೈನಲ್ಲಿ ಬೋಟುಗಳು ದಡದಲ್ಲಿದ್ದಾಗ ಬಲೆ ರಿಪೇರಿ ನಡೆಯುತ್ತದಲ್ಲ, ಹಾಗೆ ಮಳೆಗಾಲದ ತಿಂಗಳುಗಳನ್ನು ಬರೆಯುವುದಕ್ಕೇ ಎತ್ತಿಡಿ.

ಗೈಡ್ ವಿಷಯ. ಹಲವು ಸಂಸ್ಥೆಗಳಲ್ಲಿ ಮೊದಲ ವರ್ಷ ಸಣ್ಣ ಪ್ರಾಜೆಕ್ಟ್ ಮಾಡಿಸಿ, ಆಮೇಲೆ ಗೈಡ್ ಆರಿಸಿಕೊಳ್ಳಲು ಬಿಡುತ್ತಾರೆ. ಆ ಅವಕಾಶವನ್ನು ಪೂರ್ತಿ ಬಳಸಿ. ಕಪ್ಪುರಂಧ್ರ ಅಂದರೆ ಇಷ್ಟ ಅನ್ನುವ ಒಂದೇ ಕಾರಣಕ್ಕೆ ಸುಮ್ನೆ ಯಾರನ್ನೋ ಒಪ್ಪಿಕೊಳ್ಳಬೇಡಿ. ಅವರ ಹಳೆಯ ವಿದ್ಯಾರ್ಥಿಗಳನ್ನು ಕೇಳಿ: ಎಷ್ಟು ವರ್ಷ ಹಿಡಿಯಿತು? ವಾರಕ್ಕೊಮ್ಮೆಯಾದರೂ ಮಾತಿಗೆ ಸಿಗುತ್ತಿದ್ದರಾ? ಕಳಿಸಿದ ಡ್ರಾಫ್ಟ್ ಎಷ್ಟು ದಿನಕ್ಕೆ ತಿರುಗಿ ಬರುತ್ತಿತ್ತು? ನನ್ನ ಮಟ್ಟಿಗೆ ವಿಷಯಕ್ಕಿಂತ ಈ ಉತ್ತರಗಳ ತೂಕವೇ ಜಾಸ್ತಿ. ಒಳ್ಳೆಯ ಗೈಡ್ ಸಿಕ್ಕರೆ ವಿಷಯದ ಮೇಲೆ ಪ್ರೀತಿ ಬರಲು ಹೆಚ್ಚು ದಿನ ಬೇಡ.

ಇನ್ನು ಅಮ್ಮನ ಪ್ರಶ್ನೆ. ಅವರ ಚಿಂತೆ ನ್ಯಾಯವಾದದ್ದೇ, ಹಾರಿಸಿ ಮಾತಾಡಬೇಡಿ. ಪಿಎಚ್‌ಡಿ ಮಾಡುವವರಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್‌ನ ಮೊತ್ತ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000 ಅಂತ ಮೊದಲು ಹೇಳಿ. ಮನೆಯಿಂದ ದುಡ್ಡು ಕೇಳುವ ಓದು ಇದಲ್ಲ ಅಂತ ಅವರಿಗೆ ಗೊತ್ತಾಗಲಿ. ಆಮೇಲೆ ಅದಮಾರಿನ ಯು. ಆರ್. ರಾವ್ ಅವರ ಕತೆ ಹೇಳಿ. ನಮ್ಮ ಉಡುಪಿಯ ಕಡೆಯವರೇ. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಕೈಕೆಳಗೆ ಅವರು ಪಿಎಚ್‌ಡಿ ಮಾಡಿದ್ದು ಕಾಸ್ಮಿಕ್ ಕಿರಣಗಳ ಮೇಲೆ. ಮುಂದೆ 1975ರಲ್ಲಿ ಆರ್ಯಭಟ ಉಪಗ್ರಹ ಕಟ್ಟಿದ ತಂಡವನ್ನು ನಡೆಸಿದರು. ಎಲ್ಲರೂ ರಾವ್ ಆಗುವುದಿಲ್ಲ, ಕಾಯಂ ಪ್ರೊಫೆಸರ್ ಹುದ್ದೆಗಳೂ ಕಡಿಮೆಯೇ. ಅದನ್ನೂ ಮುಚ್ಚಿಡಬೇಡಿ. ಆದರೆ ಗದ್ದಲ ತುಂಬಿದ ರಾಶಿ ಡೇಟಾದಿಂದ ನಿಜವಾದ ಸಂಕೇತವನ್ನು ಹೆಕ್ಕಲು ಕಲಿತವರಿಗೆ ಖಗೋಳದ ಹೊರಗೂ ಕೆಲಸ ಇದೆ.

ಟೆಲಿಸ್ಕೋಪ್ ಈಗ ಬೇಡ. ನಮ್ಮ ಮಳೆಗಾಲದಲ್ಲಿ ಅದರ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ ಅಷ್ಟೇ. ಆ ದುಡ್ಡಿಗೆ ಒಳ್ಳೆಯ ಲ್ಯಾಪ್‌ಟಾಪ್ ತಗೊಳ್ಳಿ. ಪೈಥಾನ್ ಪ್ರೋಗ್ರಾಮಿಂಗ್ ಕಲಿಯಿರಿ. ಸೇರುವುದರೊಳಗೆ ಗಾಯಾ ಡೇಟಾ ಇಳಿಸಿಕೊಂಡು, ಕೃತ್ತಿಕಾ ಗುಂಪಿನ ನಕ್ಷತ್ರಗಳ ಬಣ್ಣ ಮತ್ತು ಪ್ರಕಾಶದ ನಕ್ಷೆಯನ್ನು ನೀವೇ ಬಿಡಿಸಿ ನೋಡಿ.